ಮೊಣಕಾಲಿಗೆ ಹತ್ತದ ಅರಿಶಿನ

"ಪರದೆ ಸರಸ್ರಿ ಫಾದರ್," ಎಂದರು ಪಾರ್ವತಿಬಾಯಿ.

ಫಾದರ್ ಇನ್ನಯ್ಯ ಸರಿಸಲಿಲ್ಲ. ಪರದೆಯ ಅಂಚನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡರು.

"ದಯವಿಟ್ಟು ಕ್ಷಮಿಸಬೇಕು. ಮಾತೆಗೆ ಸೀರೆ ಬದಲಿಸುವಾಗ ಪರದೆಯ ಒಳಗೆ ಸ್ತ್ರೀಯರಿಗೆ ಮಾತ್ರ ಪ್ರವೇಶ. ಗಂಡಸರು ಬೆನ್ನು ತಿರುಗಿಸಿ ನಿಲ್ಲಬೇಕು. ಇದು ಈ ಗುಡ್ಡದ ಕಟ್ಟಳೆ. ಗುರುಗಳಿಗೂ ವಿನಾಯಿತಿ ಇಲ್ಲ."

"ಹಂಗಾರ ತಿರುಗ್ರಿ."

ಫಾದರ್ ತಿರುಗಿದರು. ಬೆಂಗಳೂರಿನ ಸೆಮಿನರಿಯಲ್ಲಿ ಓದಿ ಪುಸ್ತಕದ ಕನ್ನಡ ಕಲಿತಿದ್ದ ಅವರಿಗೆ ಪಾರ್ವತಿಬಾಯಿಯವರ ಕನ್ನಡ ಅರ್ಧ ಮಾತ್ರ ತಿಳಿಯುತ್ತಿತ್ತು. ಆದರೆ ದನಿಯಲ್ಲಿದ್ದ ಹುಕುಂ ಪೂರ್ತಿ ತಿಳಿಯುತ್ತಿತ್ತು.

ಆಗ ಮೂರೂ ಕಾಲು. ಬೆಳಿಗ್ಗೆ ಒಂಬತ್ತರಿಂದ ಹತ್ತರೊಳಗೆ, ಜೋಡುಬಂಡೆ ಗುಡ್ಡದ ತುದಿಯ ಈ ಗಾಜಿನ ಮಂಟಪದಲ್ಲಿ ನಿಂತ ಮಾತೆಯ ಪ್ರತಿಮೆಯ ಮೈಮೇಲಿಂದ ಹಬ್ಬದ ಹಸಿರು ಇಳಕಲ್ಲ ರೇಷ್ಮೆ ಸೀರೆ ಮಾಯವಾಗಿತ್ತು. ಅದರ ಬದಲಿಗೆ ಯಾರೋ ಒಂದು ನೈಲಾನ್ ಸೀರೆ ಉಡಿಸಿ ಹೋಗಿದ್ದರು. ಗಿಣಿ ಚಿತ್ರದ ನೈಲಾನ್ ಸೀರೆ.

ನಾಲ್ಕು ಗಂಟೆಗೆ ಮಾತೆ ಪಲ್ಲಕ್ಕಿಯಲ್ಲಿ ಇನ್ನೂರ ಹದಿನಾರು ಮೆಟ್ಟಿಲು ಇಳಿದು ಭಕ್ತರ ನಡುವೆ ಹೋಗಬೇಕು. ಗಿಣಿ ಉಟ್ಟುಕೊಂಡು ಹೋಗುವಂತಿಲ್ಲ. ಅಷ್ಟರೊಳಗೆ ಇಳಕಲ್ಲ ಸೀರೆ ಸಿಗದಿದ್ದರೆ, ಹಬ್ಬದ ಸಮಿತಿಯ ವಾಸಂತಿ ಮೇಡಂ ಹೊಲಿಸಿ ತಂದಿಟ್ಟಿದ್ದ ಬಿಳಿ ಗೌನು ಮಾತೆಯ ಮೈಗೇರುತ್ತದೆ. ಗೌನು ಒಮ್ಮೆ ಏರಿತೆಂದರೆ, ಮೂವತ್ತೊಂದು ವರ್ಷದಿಂದ ಮಾತೆಗೆ ಸೀರೆ ಉಡಿಸುತ್ತಾ ಬಂದ ಅನ್ನಮ್ಮ ಮಂಟಪದ ಕೀಲಿ ಕೊಟ್ಟು ಮನೆಗೆ ಹೋಗಬೇಕು. ಸಮಿತಿ ಹಾಗೆಂದು ಮಧ್ಯಾಹ್ನವೇ ಹೇಳಿಬಿಟ್ಟಿತ್ತು.

ಅನ್ನಮ್ಮ ಪರದೆಯ ಒಳಗೆ ನಮ್ಮ ಜೊತೆಯಲ್ಲೇ ಇದ್ದರು. ಅರವತ್ತರ ಹತ್ತಿರದ ಸಣ್ಣ ಜೀವ. ಸೊಂಟದಲ್ಲಿ ಕೀಲಿ. ಆ ಕೀಲಿಯನ್ನು ಅವರು ಐದು ನಿಮಿಷಕ್ಕೊಮ್ಮೆ ಮುಟ್ಟಿ ನೋಡಿಕೊಳ್ಳುತ್ತಿದ್ದರು.

"ಬೆಳಿಗ್ಗೆ ಏನ್ ಮಾಡಿದಿ, ಇನ್ನೊಂದ ಸಲ ಹೇಳು," ಎಂದರು ಪಾರ್ವತಿಬಾಯಿ.

"ಎಂಟೂವರಿಗೆ ಹೊಸಾ ಸೀರಿ ಉಡಿಸಿದ್ನಿರಿ. ಹೊಸಾ ಸೀರಿ ಅಲ್ಲೇನ್ರಿ, ತುದೀಗೆ ಅರಿಷಿಣದ ಬೊಟ್ಟು ಇಟ್ಟ ಉಡಿಸೂದು ನಮ್ಮವ್ವನ ಕಾಲದಿಂದ ಪದ್ಧತಿ." ಅನ್ನಮ್ಮ ಮುದಗಲ್ಲ ಕಡೆಯವರು. ತಮ್ಮ ಹಳದಿ ಬೆರಳುಗಳನ್ನು ಸಾಕ್ಷಿಗೆ ಎಂಬಂತೆ ಮುಂದೆ ಹಿಡಿದರು. "ಆಮ್ಯಾಲ ಮಲ್ಲಿಗಿ ದಂಡಿ ತರಾಕ ಕೆಳಗ ಹ್ವಾದೆ. ಹಬ್ಬದ ದಿನ ಯಾರ ಕದೀತಾರಂತ ಬೀಗ ಹಾಕಲಿಲ್ಲ. ತಿರುಗಿ ಬರೂದ್ರಾಗ ಅವ್ವ ಗಿಣಿ ಉಟ್ಕೊಂಡ ನಿಂತಿದ್ಲು."

"ಈ ಗಿಣಿ ಎಲ್ಲೀದು?"

"ಹರಕಿ ಪೆಟ್ಟಿಗ್ಯಾಂದು. ನಿನ್ನೆ ಯಾರೋ ಕೊಟ್ಟ ಹೋಗ್ಯಾರ."

ಪಾರ್ವತಿಬಾಯಿ ಮಾತೆಯ ಮುಂದೆ ಬಗ್ಗಿ ನೆರಿಗೆ ನೋಡತೊಡಗಿದರು.

ಈ ಪಾರ್ವತಿಬಾಯಿಯವರ ಬಗ್ಗೆ ಒಂದು ಮಾತು ಹೇಳಲೇಬೇಕು. ನಾರಾಯಣಗೂಡದಲ್ಲಿ ನಾನು ಬಾಡಿಗೆಗಿರುವ ಕೋಣೆ ಅವರ ಮನೆಯದು. ನಾನು ಅವರನ್ನು ಕಾಕೂ ಅನ್ನುತ್ತೇನೆ. ಬೇಗಂಪೇಟೆ ವಿಮಾನ ನಿಲ್ದಾಣದ ಕಸ್ಟಮ್ಸಿನಲ್ಲಿ, ಇಳಿದು ಬಂದ ಹೆಂಗಸರನ್ನು ಪರದೆಯ ಹಿಂದೆ ತಡಕಿ ನೋಡುವ ಕೆಲಸ ಇಪ್ಪತ್ತಾರು ವರ್ಷ ಮಾಡಿ ನಿವೃತ್ತರಾದವರು; ಆ ಅನುಭವ ಹೇಳಿಕೊಂಡೇ ಸೀರೆ ಹುಡುಕಲು ತಾವಾಗಿ ಮುಂದೆ ಬಂದಿದ್ದರು. ನನ್ನ ಕೋಣೆಗೆ ಬಂದರೆ ಈಗಲೂ ಮೊದಲು ದಿಂಬು ಎತ್ತಿ ನೋಡುತ್ತಾರೆ.

"ಉಡಿಸಿದಾಕಿ ಅವಸರದಾಗ ಇದ್ಲು," ಎಂದರು ಕಾಕೂ. "ನೆರಗಿ ಬರೇ ಐದು. ಆದ್ರ ಒಂದರ ಮ್ಯಾಲ ಒಂದು ಬರೋಬ್ಬರಿ ಕುಂತಾವ. ಕೈಯಾಗ ಭಕ್ತಿ ಐತಿ."

"ಕಳ್ಳಿಗೆ ಭಕ್ತಿನಾ ಕಾಕೂ?"

"ಯಾಕ, ಇರಬಾರದೇನು? ಕಳ್ಳರ ಹೊಟ್ಯಾಗ ಇರೂವಷ್ಟು ದೇವರ ಭಯ ನಿಮ್ಮ ಆಫೀಸಿನ್ಯಾಗ ಒಬ್ಬರಿಗರ ಐತೇನು?"

ಪರದೆಯ ಆಚೆಯಿಂದ, ಬೆನ್ನು ತಿರುಗಿಸಿದ್ದ ಫಾದರ್ ದನಿ ಬಂತು. "ಸೀರೆ ಗುಡ್ಡ ಬಿಟ್ಟು ಹೋಗಿರಲಾರದು. ಹತ್ತು ಗಂಟೆಯಿಂದ ಕೆಳಗಿನ ಬಾಗಿಲಲ್ಲಿ ಪ್ರತಿಯೊಂದು ಚೀಲವನ್ನೂ ಪರಿಶೀಲಿಸಿದ್ದೇವೆ."

"ಚೀಲ ನೋಡೀರಿ. ಹೆಂಗಸರನ್ನ ನೋಡೀರೇನು?"

"ಅದು... ಅದು ಹೇಗೆ ಸಾಧ್ಯ?"

"ಅದಕ್ಕ ನಮ್ಮಂಥವರು ಬೇಕು ಅನ್ನೂದು." ಕಾಕೂ ಮುಖ ಅರಳಿತು. ವಿಮಾನ ನಿಲ್ದಾಣದ ಮಾತು ಬಂದರೆ ಅವರಿಗೆ ಹೊತ್ತಿನ ಪರಿವೆ ಇರುವುದಿಲ್ಲ. "ದುಬೈ ವಿಮಾನ ಇಳೀತಂದ್ರ ತುರುಬಿನ್ಯಾಗ ಬಿಸ್ಕಿಟ್ಟು. ಚಾಕಲೇಟಿನ ಬಿಸ್ಕಿಟ್ಟಲ್ರಿ, ಬಂಗಾರದ್ದು. ಕೂಸಿನ ಲಂಗೋಟ್ಯಾಗ ವಾಚು. ಒಂದರ ಒಳಗ ಒಂದು ಎರಡೆರಡ ಸೀರಿ ಉಟ್ಟ ಬರಾಕಿ ಬ್ಯಾರೆ. ಆಕೀನ್ನ ಮುಟ್ಟೂದ ಬ್ಯಾಡ, ಏಣಿ ಇಳಿಯೂದ ನೋಡಿದ್ರ ಸಾಕು. ಕಾಲು ಅಗಲ ಮಾಡಿ, ಏಡಿ ನಡದಂಗ ಅಡ್ಡಡ್ಡ ಇಳೀತಿದ್ಲು. ನಾ ಕೆಳಗ ನಿಂತ ನಗಾಕತ್ತಿರ್ತಿದ್ದೆ."

"ಕಾಕೂ, ಮೂರೂ ಇಪ್ಪತ್ತು," ಎಂದೆ.

ಅವರು ಏದುಸಿರು ಬಿಡುತ್ತಾ ನೆಟ್ಟಗಾದರು. ಬೆಳಿಗ್ಗೆಯಿಂದ ಬಿಸಿಲು ಅವರನ್ನು ಹಣ್ಣು ಮಾಡಿತ್ತು. ಹಬ್ಬದ ಊಟಕ್ಕೆ ನೆಲದ ಮೇಲೆ ಪಂಕ್ತಿ ಹಾಕಿದಾಗಲೂ ಕೂರಲೊಲ್ಲದೆ, ನಿಂತೇ ಎರಡು ತುತ್ತು ಮೊಸರನ್ನ ತಿಂದಿದ್ದರು. ಮುಖ ಕೆಂಪಗೆ ಊದಿಕೊಂಡಂತಿತ್ತು. ಮೈಯೂ.

"ತಂಗಿ, ಇಲ್ಲಿ ನೋಡು," ಎಂದರು.

ಮಾತೆಯ ಎಡ ಹೆಗಲ ಮೇಲೆ ಗಿಣಿ ಸೀರೆಯ ಸೆರಗು ಜಾರದಂತೆ ಏನೋ ಕಚ್ಚಿಸಿದ್ದರು. ಪಿನ್ನಲ್ಲ. ಬೆಳ್ಳಗೆ ಹೊಳೆಯುವ ಒಂದು ಕ್ಲಿಪ್ಪು. ಅದರ ಬಾಲಕ್ಕೆ ಪ್ಲಾಸ್ಟಿಕ್ಕಿನ ಗುಂಡಿ.

ಅಂಥದೇ ಕ್ಲಿಪ್ಪು ನನ್ನ ಬ್ಯಾಗಿನಲ್ಲೂ ಇತ್ತು. ಆಫೀಸಿನ ಗುರುತಿನ ಚೀಟಿಯನ್ನು ಕೊರಳಪಟ್ಟಿಗೆ ಸಿಕ್ಕಿಸುವ ಕ್ಲಿಪ್ಪು. ಬೇಗಂಪೇಟೆಯ ನಮ್ಮ ಕಂಪನಿಯಲ್ಲಿ ಕೆಲಸಕ್ಕೆ ಸೇರಿದ ದಿನ ಕೊಡುವುದು ಅದೊಂದೇ ಆಭರಣ.

"ನಿಮ್ಮ ಮಂದೀದು," ಎಂದರು ಕಾಕೂ.

ಅಲ್ಲವೆನ್ನುವಂತಿರಲಿಲ್ಲ. ಗುಡ್ಡದ ಮೇಲೆ ಅವತ್ತು ನಮ್ಮ ಟೀಮಿನ ಆರು ಜನ ಇದ್ದೆವು. ಬಂದದ್ದು ಹರಕೆ ತೀರಿಸಲು. ಹರಕೆ ನಮ್ಮ ಟೀಮ್ ಲೀಡರ್ ವಿಶ್ವಜಿತನದು. ಉಡುಪಿಯವನು. ಕಳೆದ ತಿಂಗಳು ನಮ್ಮ ಸಾಫ್ಟ್‌ವೇರ್ ಗಿರಾಕಿಯ ಕೈ ಸೇರುವ ಹಿಂದಿನ ದಿನ ಎಲ್ಲ ಕಡೆಯೂ ತೂತು ಬಿದ್ದು ಸೋರುತ್ತಿದ್ದಾಗ, ಟೀಮಿನ ಹುಡುಗಿಯೊಬ್ಬಳು ಜೋಡುಬಂಡೆ ಮಾತೆಗೆ ಹೇಳಿಕೊಳ್ಳಿ ಎಂದಳು. ವಿಶ್ವಜಿತ್ ಕುರ್ಚಿಯಿಂದೆದ್ದು ಎಲ್ಲರೆದುರು ಹೇಳಿಯೇಬಿಟ್ಟ: "ಇದೊಂದು ದಾಟಿದ್ರೆ ಅಷ್ಟೂ ಮೆಟ್ಟಿಲು ಮೊಣಕಾಲಲ್ಲಿ ಹತ್ತುತ್ತೇನೆ."

ದಾಟಿತು. ಇಪ್ಪತ್ತೆಂಟು ಜನ ಕೇಳಿಸಿಕೊಂಡಿದ್ದರು. ಹತ್ತದೆ ಗತಿಯಿರಲಿಲ್ಲ.

ನಾನೂ ಕಾಕೂನೂ ಎಂಟಕ್ಕೇ ಮೆಟ್ಟಿಲ ಬುಡದಲ್ಲಿದ್ದೆವು. ಜೋಡುಬಂಡೆಯ ಮೆಟ್ಟಿಲೆಂದರೆ ಅಂಥಿಂಥದ್ದಲ್ಲ. ಎಂಟು ಆಳು ಸಾಲಾಗಿ ಪಲ್ಲಕ್ಕಿ ಹೊತ್ತು ಇಳಿಯುವಷ್ಟು ಅಗಲ, ಎರಡೂ ಪಕ್ಕ ಸುಣ್ಣ ಬಳಿದ ಕಟಾಂಜನ, ಮಧ್ಯೆ ಮಧ್ಯೆ ಉಸಿರು ಬಿಡಲು ಅಂಗಳದಂಥ ಹಂತಗಳು. ಕೆಳಗೆ ನಿಂತು ನೋಡಿದರೆ ಬಂಡೆಗಳ ನಡುವಿನಿಂದ ಯಾರೋ ಬಿಳಿ ಸೆರಗು ಬಿಟ್ಟಂತೆ ಕಾಣುತ್ತದೆ. ಅಂಥ ಮೆಟ್ಟಿಲು ಕಂಡೊಡನೆ ಕಾಕೂಗೆ ಮಾಡಲು ತೋಚಿದ್ದು ಒಂದೇ. ಬುಟ್ಟಿಯಿಂದ ಅರಿಶಿನದ ಬಟ್ಟಲು ತೆಗೆದು ಕಲಸಿ, ಮೊದಲ ಮೆಟ್ಟಿಲಿಗೆ ಸವರಿ, ಕುಂಕುಮದ ಬೊಟ್ಟಿಟ್ಟು ಎರಡನೆಯದಕ್ಕೆ ನಡೆದರು.

ಫಾದರ್ ಅದನ್ನು ಕಂಡದ್ದು ಹತ್ತೂವರೆಗೆ. ಅಷ್ಟರಲ್ಲಿ ಇನ್ನೂರ ಹದಿನಾರೂ ಮುಗಿದಿತ್ತು.

"ಅಮ್ಮಾ, ಇದು ಚರ್ಚಿನ ಮೆಟ್ಟಿಲು," ಎಂದಿದ್ದರು.

"ಹೌದ್ರಿ. ಅದಕ್ಕ ಕಾಯಿ ಒಡೀಲಿಲ್ಲ," ಎಂದಿದ್ದರು ಕಾಕೂ.

---

ವಿಶ್ವಜಿತ್ ಗಂಟೆಗೋಪುರದ ನೆರಳಿನಲ್ಲಿ ಕಾಲು ಚಾಚಿ ಕೂತಿದ್ದ. ಟೀಮಿನ ಹೊಸಬರಿಬ್ಬರು ಅವನ ಎದುರು ಬಾಯಿ ತೆರೆದು ಕೇಳುತ್ತಿದ್ದರು.

"ನೂರನೇ ಮೆಟ್ಟಿಲವರೆಗೆ ನೋವು ಉಂಟು. ಆಮೇಲೆ ನೋವು ಅಂತ ಗೊತ್ತೇ ಆಗುದಿಲ್ಲ. ಒಂಥರಾ ಬೆಳಕು ಕಾಣ್ತದೆ ಮಾರಾಯಾ."

ನಮ್ಮನ್ನು ನೋಡಿ ನಿಲ್ಲಿಸಿದ. ಕಾಕೂ, ಅವರ ಹಿಂದೆ ನಾನು, ನನ್ನ ಹಿಂದೆ ಫಾದರ್, ಎಲ್ಲರ ಹಿಂದೆ ಅನ್ನಮ್ಮ. ಹೊಸಬರು ಮೆಲ್ಲಗೆ ಎದ್ದು ಜಾರಿಕೊಂಡರು.

"ಏಳಬ್ಯಾಡ ತಮ್ಮಾ, ನೋವಾದೀತು," ಎಂದರು ಕಾಕೂ. ದನಿಯಲ್ಲಿ ಬೆಲ್ಲ. ಈ ದನಿ ನನಗೆ ಗೊತ್ತು. ನಾನು ಗೀಸರ್ ಆರಿಸದೆ ಹೋದ ದಿನ ಇದೇ ದನಿಯಲ್ಲಿ ಶುರು ಮಾಡುತ್ತಾರೆ. "ಎಷ್ಟ ಮೆಟ್ಲ ಇದ್ವು?"

"ಇನ್ನೂರ ಹದಿನಾರು ಆಂಟಿ. ಒಂದೊಂದೂ ಎಣಿಸಿದ್ದೇನೆ."

"ಎಷ್ಟೊತ್ತಿಗೆ ಶುರು ಮಾಡಿದಿ?"

"ಒಂಬತ್ತಕ್ಕೆ. ಮೇಲೆ ಬರುವಾಗ ಹತ್ತೂಕಾಲು ಆಗಿತ್ತು. ಯಾರನ್ನು ಬೇಕಾದ್ರೂ ಕೇಳಿ, ಮೇಲಿನ ಮೆಟ್ಟಿಲಲ್ಲಿ ನಾನು ಬಿದ್ದದ್ದನ್ನು ಎಲ್ಲರೂ ನೋಡಿದ್ದಾರೆ. ಇವಳೇ ನೀರು ಕೊಟ್ಟದ್ದು."

ನಿಜ. ನಾನೇ ನೀರು ಕೊಟ್ಟಿದ್ದೆ. ಒಬ್ಬಳು ಅತ್ತೂ ಇದ್ದಳು.

"ಅದ ಪ್ಯಾಂಟ ಏನಿದು?"

"ಹೌದು."

"ಬೇರೆ ತಂದಿಲ್ಲಲಾ?"

"ಇಲ್ಲ ಆಂಟಿ. ಎಂತಕ್ಕೆ?"

ಕಾಕೂ ಮೆಟ್ಟಿಲ ಕಡೆ ಕೈ ತೋರಿಸಿದರು. ಆ ಹೊತ್ತಿಗೆ ಒಂದು ಕುಟುಂಬ ಮೊಣಕಾಲಲ್ಲಿ ಮೇಲೆ ಬಂದು, ಕೊನೆಯ ಮೆಟ್ಟಿಲಲ್ಲಿ ಶಿಲುಬೆಯ ಗುರುತು ಹಾಕಿ ಎದ್ದು ನಿಂತಿತು. ಅಪ್ಪ, ಅಮ್ಮ, ಅಜ್ಜಿ. ಮೂವರ ಮೊಣಕಾಲ ಮೇಲೂ ಹಪ್ಪಳದಷ್ಟಗಲ ಹಳದಿ, ನಡುವೆ ಕೆಂಪು.

"ಬೆಳಿಗ್ಗೆಯಿಂದ ಮೊಣಕಾಲ ಮ್ಯಾಲ ಬಂದವರೆಲ್ಲಾ ಹಿಂಗ ಮದುವಿ ಮನಿ ಹೊಸ್ತಿಲಾ ಆಗ್ಯಾರ," ಎಂದರು ಕಾಕೂ. "ಯಾಕಂದ್ರ ಎಂಟರಿಂದ ನಾ ಮೆಟ್ಲ ಮೆಟ್ಲಕ್ಕೂ ಅರಿಷಿಣ ಬಳದೀನಿ. ನನ್ನ ಹಿಂದ ಒಂಬತ್ತಕ್ಕ ಹತ್ತಿದಾಂವ ನೀನು. ನಿನ್ನ ಪ್ಯಾಂಟು ನೋಡಿದ್ರ ಈಗ ಇಸ್ತ್ರಿ ಮಾಡಿದಂಗ ಐತಿ."

ವಿಶ್ವಜಿತ್ ತನ್ನ ಕೆನೆಬಣ್ಣದ ಪ್ಯಾಂಟು ನೋಡಿಕೊಂಡ. ನಾವೂ ನೋಡಿದೆವು. ಮಾತೆಯ ಮುಂದಿನ ಮೇಣದಬತ್ತಿಯಷ್ಟೇ ಬಿಳುಪು.

"ಒಣಗಿತ್ತು ಕಾಣ್ತದೆ," ಎಂದ.

"ಒಣಗಿದ್ರೂ ಹತ್ತೈತಿ. ಅಜ್ಜೀನ್ನ ನೋಡು."

"ನಾನು... ಪ್ಯಾಂಟು ಮೇಲೆ ಮಡಚಿಕೊಂಡಿದ್ದೆ. ಹರಕೆ ಅಲ್ವಾ, ಬರಿ ಮೊಣಕಾಲಲ್ಲೇ ಹತ್ತಬೇಕು ಅಂತ."

"ಹಂಗಾರ ಬರೀ ಮೊಣಕಾಲು ತೋರಸು."

"ಇಲ್ಲಿಯಾ?"

"ಫಾದರ್ ಕಡೆ ತಿರುಗಿ ತೋರಸು. ನಾವು ಹೆಂಗಸರು ಬೆನ್ನ ತಿರುಗಸ್ತೀವಿ. ಇದ ಇಲ್ಲಿನ ಕಟ್ಟಳೆ ಐತಿ."

ನಾವು ಬೆನ್ನು ತಿರುಗಿಸಿದೆವು. ಬಟ್ಟೆ ಮಡಚುವ ಸದ್ದು.

"ಸಿಪ್ಪೆ ಸುಲಿದ ಆಲೂಗಡ್ಡೆಯ ಹಾಗಿದೆ," ಎಂದರು ಫಾದರ್, ಸಾಕ್ಷಿ ಹೇಳುವ ದನಿಯಲ್ಲಿ. "ಒಂದು ಗೀರೂ ಇಲ್ಲ."

ತಿರುಗಿ ನೋಡಿದಾಗ ವಿಶ್ವಜಿತ್ ತಲೆ ತಗ್ಗಿಸಿದ್ದ. ಇಪ್ಪತ್ತೆಂಟು ಜನರಿಗೆ ಕೆಲಸ ಹಂಚುವ ಟೀಮ್ ಲೀಡರ್, ಮನೆಪಾಠ ಬರೆಯದ ಹುಡುಗನಂತಾಗಿದ್ದ. ನನಗೆ ಅಯ್ಯೋ ಅನಿಸಿತು. ಹದಿನೈದು ಸೆಕೆಂಡು.

"ಪೂರ್ವಿ, ಆಫೀಸಿನಲ್ಲಿ ಹೇಳಬೇಡ ಮಾರಾಯ್ತಿ."

"ಮೊದಲು ಇಲ್ಲಿ ಹೇಳಿ ವಿಶ್ವಜಿತ್. ಹೇಗೆ ಬಂದ್ರಿ ಮೇಲೆ?"

"ಜೀಪಲ್ಲಿ."

ಗುಡ್ಡದ ಬೆನ್ನಿಗೆ ಒಂದು ಜೀಪಿನ ದಾರಿ ಇದೆ. ಹಬ್ಬದ ಊಟದ ಪಾತ್ರೆಗಳು ಅದರಲ್ಲಿ ಬರುತ್ತವೆ. ನಮ್ಮ ಟೀಮ್ ಲೀಡರ್ ಎರಡು ಸಾಂಬಾರಿನ ಹಂಡೆಗಳ ಮಧ್ಯೆ ಕೂತು, ಒಂಬತ್ತೂ ಇಪ್ಪತ್ತಕ್ಕೆ ಮೇಲೆ ಇಳಿದಿದ್ದ. ಮೂರೇ ಮೆಟ್ಟಿಲು ಹತ್ತಿ ನೋಡಿದ್ದನಂತೆ. ಕ್ರಿಕೆಟ್ಟಿನಲ್ಲಿ ಪೆಟ್ಟಾದ ಮೊಣಕಾಲು ಬೇಡವೆಂದಿತಂತೆ.

"ಹತ್ತೂಕಾಲರವರೆಗೆ ಎಲ್ಲಾದ್ರೂ ಅಡಗಿ ಕೂತು, ಆಮೇಲೆ ಮೆಟ್ಟಿಲ ಬಾಯಲ್ಲಿ ಬಿದ್ದರಾಯ್ತು ಅಂತ ಮಾಡಿದ್ದು. ಸತ್ಯವಾಗಿ ಬೇರೆ ಎಂತದ್ದೂ ಮಾಡ್ಲಿಲ್ಲ."

"ಎಲ್ಲಿ ಅಡಗಿದ್ದಿ?"

ಅವನು ಮಂಟಪದ ಕಡೆ ನೋಡಿದ.

ಅನ್ನಮ್ಮ ಮುಂದೆ ಬಂದರು. "ನೀ ಅಲ್ಲಿದ್ದ್ಯಾ ನಮ್ಮಪ್ಪಾ? ಯಾರ ಬಂದ್ರು, ಯಾರ ಹ್ವಾದ್ರು, ನೋಡೀದೇನು? ಖರೇ ಹೇಳೋ, ನಿನ್ನ ಕಾಲ ಬೀಳ್ತೀನಿ."

"ಅಯ್ಯೋ, ಕಾಲಿಗೆಲ್ಲಾ ಬೇಡ ಅಮ್ಮಾ. ಕಾಲಿನ ವಿಷಯವೇ ಬೇಡ ಇವತ್ತು."

"ಕೊರಳಾಗಿನ ಚೀಟಿ ತೋರಸು," ಎಂದರು ಕಾಕೂ.

ಅವನು ಗುರುತಿನ ಚೀಟಿಯನ್ನು ಅಂಗಿಯೊಳಗಿಂದ ಎಳೆದ. ಸ್ನಾನಕ್ಕೂ ಕಳಚದ ಚೀಟಿ ಅದು. ಪಟ್ಟಿಗೂ ಚೀಟಿಗೂ ನಡುವೆ ಕ್ಲಿಪ್ಪಿರಲಿಲ್ಲ. ರಬ್ಬರ್ ಬ್ಯಾಂಡಿನಲ್ಲಿ ಕಟ್ಟಿದ್ದ.

"ನಿನ್ನ ಕ್ಲಿಪ್ಪು ಮಾತೆಯ ಹೆಗಲ ಮ್ಯಾಲ ಐತಿ. ಅಲ್ಲಿಗೆ ಹೆಂಗ ಹೋತು?"

ವಿಶ್ವಜಿತನಿಗೆ ನಿಜವಾಗಿಯೂ ಆಶ್ಚರ್ಯವಾಯಿತು. "ಅದು ಅಲ್ಲಿಗಾ? ನಾನು ಕೊಟ್ಟದ್ದು ಹೌದು. ಆದ್ರೆ ಎಂತಕ್ಕೆ ಅಂತ ಗೊತ್ತಿರ್ಲಿಲ್ಲ."

"ಯಾರಿಗೆ ಕೊಟ್ಟಿ?"

"ಒಂದು ಕೈಗೆ."

ಫಾದರ್ ಶಿಲುಬೆಯ ಗುರುತು ಹಾಕಿಕೊಂಡರು.

"ಬಿಡಿಸಿ ಹೇಳಪ್ಪಾ."

"ಮಂಟಪದ ಮೂಲೆಯಲ್ಲಿ ಕೂತಿದ್ದೆ. ಪರದೆ ಮುಚ್ಚಿತ್ತು. ಒಳಗೆ ಬಟ್ಟೆಯ ಸರಬರ ಕೇಳ್ತಾ ಇತ್ತು. ಸೀರೆ ಬದಲಿಸ್ತಾ ಇದ್ದಾರೆ ಅಂತ ಗೊತ್ತಾಯ್ತು. ಗಂಡಸರು ಬೆನ್ನು ತಿರುಗಿಸಬೇಕು ಅಂತ ಅಲ್ಲಿ ಬೋರ್ಡು ಉಂಟಲ್ಲ, ನಾನು ಗೋಡೆಗೆ ಮುಖ ಹಾಕಿ ಕೂತೆ. ಹರಕೆಯಲ್ಲಿ ಮೋಸ ಮಾಡಿಯಾಗಿತ್ತು, ಇದರಲ್ಲಾದ್ರೂ ಸರಿಯಾಗಿ ಇರುವ ಅಂತ."

"ಆಮ್ಯಾಲ?"

"ಹಿಂದಿನಿಂದ ಯಾರೋ ಹೆಗಲಿಗೆ ತಟ್ಟಿದ್ರು. ನಾನು ತಿರುಗಲಿಲ್ಲ. ಒಂದು ಕೈ ನನ್ನ ಪಕ್ಕದಿಂದ ಮುಂದೆ ಬಂತು. ಹೆಂಗಸರ ಕೈ. ಎರಡು ಬೆರಳು ಹೀಗೆ ಚಿವುಟಿದ ಹಾಗೆ ಮಾಡಿ ತೋರಿಸ್ತು. ಪಿನ್ನು ಕೇಳ್ತಾ ಇದ್ದಾರೆ ಅಂತ ಆಯ್ತು. ನನ್ನ ಹತ್ರ ಪಿನ್ನೆಲ್ಲಿಂದ ಬರ್ಬೇಕು? ಕ್ಲಿಪ್ಪು ಬಿಚ್ಚಿ ಕೊಟ್ಟೆ. ಕೈ ಒಳಗೆ ಹೋಯ್ತು."

"ಮಾತಾಡಲಿಲ್ಲಾ?"

"ಒಂದಕ್ಷರ ಇಲ್ಲ."

"ಬಳಿ? ಉಂಗುರ?"

"ನೋಡ್ಲಿಲ್ಲ ಆಂಟಿ. ಒಂದೇ ಒಂದು ನೆನಪುಂಟು." ಅವನು ತನ್ನ ಬೆರಳುಗಳನ್ನು ಬಿಡಿಸಿ ಮುಂದೆ ಹಿಡಿದ. "ಬೆರಳೆಲ್ಲ ಹಳದಿ ಇತ್ತು. ಅರಿಶಿನ."

ಗಂಟೆಗೋಪುರದ ಮೇಲೆ ಪಾರಿವಾಳಗಳು ಗುಟುರು ಹಾಕುವುದು ಆಗ ಸ್ಪಷ್ಟವಾಗಿ ಕೇಳಿಸಿತು.

ಫಾದರ್ ಮೆಲ್ಲನೆ ತಲೆ ತಿರುಗಿಸಿದರು. ವಿಶ್ವಜಿತ್ ಅವರು ನೋಡಿದ ಕಡೆ ನೋಡಿದ. ನಾನೂ ನೋಡಿದೆ.

ಕಾಕೂ ತಮ್ಮ ಎರಡೂ ಕೈ ಸೆರಗಿನೊಳಗೆ ಸೇರಿಸಿಕೊಂಡಿದ್ದರು.

"ತಮ್ಮ ಕೈಗಳನ್ನು ದಯವಿಟ್ಟು ತೋರಿಸುತ್ತೀರಾ ಅಮ್ಮಾ," ಎಂದರು ಫಾದರ್.

ಇಪ್ಪತ್ತಾರು ವರ್ಷ ಕಂಡಕಂಡವರ ಕೈ ಬಿಡಿಸಿ ನೋಡಿದವರು ಈಗ ತಮ್ಮ ಕೈ ಬಿಡಿಸಿದರು. ನಾಲ್ಕು ಸಲ ಸೋಪು ಹಾಕಿ ತೊಳೆದಿದ್ದರೂ ಬೆರಳ ಸಂದಿಯಲ್ಲಿ, ಉಗುರ ಸುತ್ತ, ಹಳದಿ ಹಾಗೇ ಇತ್ತು.

"ಇನ್ನೂರ ಹದಿನಾರು ಮೆಟ್ಟಿಲಿನ ಅರಿಶಿನ," ಎಂದರು ಫಾದರ್. ಸಿಟ್ಟಿರಲಿಲ್ಲ. ನೊಂದಂತಿತ್ತು. "ತಾವು ಸಹಾಯ ಮಾಡುತ್ತೇನೆಂದು ತಾವಾಗಿಯೇ ಮುಂದೆ ಬಂದಿರಿ. ನಾನು ನಂಬಿದೆ."

"ಫಾದರ್, ಏನ್ ಮಾತಾಡ್ತಿದೀರಾ ನೀವು?" ಎಂದೆ.

"ಹಾಗಾದರೆ ತಾವೇ ಹೇಳಿ ಪೂರ್ವಿಯವರೇ. ತಾವು ಇವರ ಸಂಗಡ ಮೆಟ್ಟಿಲು ಹತ್ತಿದವರು. ಒಂಬತ್ತರಿಂದ ಹತ್ತರವರೆಗೆ ಇವರು ತಮ್ಮ ಕಣ್ಣೆದುರಿನಲ್ಲೇ ಇದ್ದರೇ?"

ಇಲ್ಲಿ ನಾನು ಒಂದು ವಿಷಯ ಹೇಳಬೇಕು. ಯಾರಿಗೂ ಹೇಳಿರಲಿಲ್ಲ, ಯಾಕೆಂದರೆ ಯಾರೂ ಕೇಳಿರಲಿಲ್ಲ.

ನೂರ ನಲವತ್ತನೆಯ ಮೆಟ್ಟಿಲಲ್ಲಿ ನನ್ನ ನೋಕಿಯಾ ಹೊಡೆದುಕೊಂಡಿತ್ತು. ಒಂಬತ್ತಕ್ಕೆ ಸರಿಯಾಗಿ. ಆಫೀಸಿನಿಂದ. ಗಿರಾಕಿಯ ಕಂಪ್ಯೂಟರ್ ಪರದೆಯ ಮೇಲೆ 'ಸೇವ್' ಗುಂಡಿ ಒತ್ತಿದರೆ ಎಲ್ಲ ಅಳಿಸಿಹೋಗುತ್ತಿದೆ ಅಂತ. ಪರೀಕ್ಷೆ ಮಾಡಿ ಸರಿಯಿದೆ ಎಂದು ಬರೆದುಕೊಟ್ಟವಳು ನಾನೇ. ಸಿಗ್ನಲ್ ಹುಡುಕುತ್ತಾ ಮೆಟ್ಟಿಲು ಬಿಟ್ಟು ಪಕ್ಕದ ಬಂಡೆ ಹತ್ತಿ, ಒಂದು ಕಿವಿ ಮುಚ್ಚಿಕೊಂಡು ಮುಕ್ಕಾಲು ಗಂಟೆ ಕೂಗಾಡಿದ್ದೆ. ಮುಗಿಸಿ ಮೇಲೆ ಬಂದರೆ ಕಾಕೂ ಕೊನೆಯ ಮೆಟ್ಟಿಲ ಮೇಲೆ ಕಟಾಂಜನ ಹಿಡಿದು ನಿಂತು, "ಎಲ್ಲಾ ಮುಗೀತು ತಂಗಿ," ಎಂದಿದ್ದರು.

ಮುಕ್ಕಾಲು ಗಂಟೆ. ಉಳಿದ ಎಪ್ಪತ್ತಾರು ಮೆಟ್ಟಿಲಿಗೆ ಕಾಕೂಗೆ ಅಷ್ಟು ಹೊತ್ತು ಬೇಕಾಗಿರಲಿಲ್ಲ.

ಕಾಕೂ ಏನೋ ಹೇಳಲು ಬಾಯಿ ತೆರೆದರು.

ಕಳೆದ ಮಳೆಗಾಲದಲ್ಲಿ ನನಗೆ ಕಾಮಾಲೆಯಾದಾಗ ಇದೇ ಹೆಂಗಸು ಇಪ್ಪತ್ತು ದಿನ ಮಜ್ಜಿಗೆಯಲ್ಲಿ ನೆಲನೆಲ್ಲಿ ಅರೆದು ಕುಡಿಸಿದ್ದರು. ಬಯ್ಯುತ್ತಾ ಕುಡಿಸಿದ್ದರು, ಆದರೆ ಕುಡಿಸಿದ್ದರು. ಅವರ ಬಾಯಿಂದ ಮಾತು ಹೊರಡುವ ಮೊದಲೇ ನನ್ನ ಬಾಯಿಂದ ಹೊರಟುಹೋಯಿತು.

"ಇದ್ರು ಫಾದರ್. ಇಡೀ ಹೊತ್ತು ನನ್ನ ಪಕ್ಕದಲ್ಲೇ ಇದ್ರು. ಬಟ್ಟಲು ಹಿಡ್ಕೊಂಡಿದ್ದೇ ನಾನು."

ಕಾಕೂ ಬಾಯಿ ಮುಚ್ಚಿದರು.

"ಮಾತೆಯ ಗುಡ್ಡದ ಮೇಲೆ ನಿಂತು ಹೇಳುತ್ತಿದ್ದೀರಿ," ಎಂದರು ಫಾದರ್.

"ಹೌದು."

ಅವರು ನಿಟ್ಟುಸಿರು ಬಿಟ್ಟರು. ಕಾಕೂ ಮುಂದೆ ಕೈ ಮುಗಿದು ಕ್ಷಮೆ ಕೇಳಿದರು. ಅಬ್ಬಾ, ಮುಗಿಯಿತು ಅಂದುಕೊಂಡೆ. ಮುಗಿದಿರಲಿಲ್ಲ. ಫಾದರ್ ಅದೇ ನಿಟ್ಟುಸಿರಿನಲ್ಲಿ ಇನ್ನೊಂದು ಕಡೆ ತಿರುಗಿದರು.

"ಹಾಗಾದರೆ ಈ ಗುಡ್ಡದ ಮೇಲೆ ಇವತ್ತು ಕೈಗೆ ಅರಿಶಿನ ಹತ್ತಿದವರು ಇನ್ನೊಬ್ಬರೇ ಇದ್ದಾರೆ."

ಅನ್ನಮ್ಮ ತಮ್ಮ ಬೆರಳು ನೋಡಿಕೊಂಡರು. ಸೀರೆಯ ತುದಿಗೆ ಬೊಟ್ಟಿಟ್ಟ ಬೆರಳು. ಸ್ವಲ್ಪ ಹೊತ್ತಿನ ಮುಂಚೆ ಅವರೇ ನಮ್ಮೆದುರು ಹಿಡಿದು ತೋರಿಸಿದ್ದ ಬೆರಳು.

"ನಾ ಯಾಕ ನನ್ನ ಅವ್ವನ ಸೀರಿ ಕದೀಲ್ರಿ ಫಾದರ್?" ಎಂದರು. ಜಗಳದ ದನಿಯಲ್ಲಲ್ಲ. ಗೊತ್ತಿಲ್ಲದ ದಾರಿ ಕೇಳುವವರ ದನಿಯಲ್ಲಿ. "ಮೂವತ್ತೊಂದ ವರ್ಸ ಉಡಿಸೀನಿ. ಒಂದಿನ ಬಿಚ್ಚಿ ಒಯ್ಯಾಕ ಉಡಿಸ್ತಾರೇನ್ರಿ?"

ಉತ್ತರ ಸಮಿತಿಯ ಬಳಿ ಇತ್ತು. ವಾಸಂತಿ ಮೇಡಂ ದೊಡ್ಡದೊಂದು ರಟ್ಟಿನ ಪೆಟ್ಟಿಗೆಯನ್ನು ಕೂಸಿನಂತೆ ಎತ್ತಿಕೊಂಡು ಅಷ್ಟರಲ್ಲಿ ಬಂದೇಬಿಟ್ಟಿದ್ದರು. ಮುಚ್ಚಳದ ಸಂದಿಯಿಂದ ಬಿಳಿ ಲೇಸು ಇಣುಕುತ್ತಿತ್ತು.

"ಟೈಮಾಯ್ತಲ್ಲ ಫಾದರ್," ಎಂದರು. "ಅಳತೆ ಸ್ವಲ್ಪ ನೋಡ್ಬೇಕು."

ಅನ್ನಮ್ಮ ಸೊಂಟಕ್ಕೆ ಕೈ ಹಾಕಿ ಕೀಲಿ ಬಿಚ್ಚಿದರು. ಗಂಟು ಹಳೆಯದಾಗಿತ್ತು, ಬಿಚ್ಚಲು ಹೊತ್ತು ಹಿಡಿಯಿತು. ಯಾರೂ ಸಹಾಯ ಮಾಡಲಿಲ್ಲ. ನಾನು ಗೋಪುರದ ಪಾರಿವಾಳ ನೋಡುತ್ತಿದ್ದೆ. ನನ್ನ ಒಂದು ಸುಳ್ಳು ಕಾಕೂ ಕೈಯ ಅರಿಶಿನ ತೊಳೆದು ಅನ್ನಮ್ಮನ ಕೈಗೆ ಬಳಿದಿತ್ತು.

"ಎಷ್ಟ ಗಂಟೆ?" ಎಂದರು ಕಾಕೂ ಥಟ್ಟನೆ.

"ನಾಲ್ಕಕ್ಕೆ ಹನ್ನೊಂದು ನಿಮಿಷ," ಎಂದ ವಿಶ್ವಜಿತ್.

"ಫಾದರ್, ಆ ಕೀಲಿ ನಿಮ್ಮ ಕೈಯಾಗ ಇಟ್ಕೋರಿ. ಮೇಡಂ ಕೈಗೆ ಕೊಡಬ್ಯಾಡ್ರಿ. ನಾಲ್ಕು ಹೊಡಿಯೂತನ ಗೌನು ಪೆಟ್ಟಿಗ್ಯಾಗ ಇರಲಿ. ಅಷ್ಟರಾಗ ನಾ ಬರ್ತೀನಿ."

"ಎಲ್ಲಿಗೆ ಹೋಗುತ್ತೀರಿ?"

"ಕೆಳಗ ಹೋಗಿ ಬರ್ತೀನಿ."

"ಇನ್ನೂರ ಹದಿನಾರು ಮೆಟ್ಟಿಲು ಇಳಿದು, ಹತ್ತಿ, ಹನ್ನೊಂದು ನಿಮಿಷದಲ್ಲೇ?"

"ಪೂರ್ತಿ ಕೆಳಗ ಅಂತ ಯಾರ ಹೇಳಿದ್ರು?" ಕಾಕೂ ನನ್ನ ಮೊಣಕೈ ಹಿಡಿದರು. ಹಿಡಿತ ಕಸ್ಟಮ್ಸಿನದು. "ಪೂರ್ವಿ, ಬಾ. ನನ್ನ ಹಿಂದನ ಬಾ. ಕೆಳಗ ನೋಡಬ್ಯಾಡ, ಮುಂದ ನೋಡಕೋಂತ ಬಾ."

ಕೆಳಗೆ ನೋಡಬೇಡ ಎಂದರೆ ಯಾರಾದರೂ ಎಲ್ಲಿ ನೋಡುತ್ತಾರೆ?

ಕಾಕೂ ಮೊದಲ ಮೆಟ್ಟಿಲು ಇಳಿದರು. ಎರಡನೆಯದು ಇಳಿದರು. ಎಡಗೈಯಲ್ಲಿ ಕಟಾಂಜನ ಹಿಡಿದು, ಕಾಲು ಅಗಲ ಮಾಡಿ, ಮೈಯನ್ನು ಓರೆಗೆ ತಿರುಗಿಸಿ, ಒಂದೊಂದೇ ಕಾಲು ಪಕ್ಕಕ್ಕೆ ಇಟ್ಟು.

ಏಡಿ ನಡೆದಂತೆ. ಅಡ್ಡಡ್ಡ.

ಮೂರನೆಯ ಮೆಟ್ಟಿಲಲ್ಲಿ ಅವರ ಬೂದುಬಣ್ಣದ ಕಾಟನ್ ಸೀರೆಯ ಅಂಚು ಕಾಲ್ಬೆರಳಿಗೆ ಸಿಕ್ಕಿ ಒಂದು ಗೇಣು ಮೇಲೆದ್ದಿತು. ಅದರ ಕೆಳಗೆ ಲಂಗವಿರಬೇಕಾದಲ್ಲಿ ಹಸಿರು ರೇಷ್ಮೆ ಇತ್ತು. ಕೆಂಪು ಅಂಚು. ಅಂಚಿನ ತುದಿಯಲ್ಲಿ, ಯಾರೋ ಬೆರಳಲ್ಲಿ ಪ್ರೀತಿಯಿಂದ ಒತ್ತಿದಂಥ, ಒಂದೇ ಒಂದು ಅರಿಶಿನದ ಬೊಟ್ಟು.

ನಾನು ಕಟಾಂಜನ ಹಿಡಿದುಕೊಂಡೆ.

"ನೋಡಿದೇನು?" ಎಂದರು ಕಾಕೂ, ತಿರುಗದೆ.

"ನೋಡ್ದೆ ಕಾಕೂ."

"ಸುಳ್ಳು ಹೇಳೂ ಮೊದಲ ನನ್ನ ಮಾರಿ ಒಂದ ಸಲ ನೋಡಬಾರದೇನ, ಹುಚ್ಚಿ? ನಾನ ಒಯ್ದೀನಿ ಅಂತ ಹೇಳಾಕ ಬಾಯಿ ತಗದಿದ್ದೆ. ಯಾಕ ಒಯ್ದೆ ಅನ್ನೂದೂ ಎಲ್ಲಾರ ಮುಂದ ಹೇಳಾಕಿ ಇದ್ದೆ. ನೀ ನಡುವ ಬಂದಿ." ಅವರು ನಾಲ್ಕನೆಯ ಮೆಟ್ಟಿಲಿಗೆ ಅಡ್ಡ ಕಾಲಿಟ್ಟರು. "ಈಗ ನಾ ಖರೇ ಹೇಳಿದ್ರ ಸುಳ್ಳಿ ನೀ ಆಗ್ತಿ. ಹೇಳದಿದ್ರ ಕಳ್ಳಿ ಆಕಿ ಆಗ್ತಾಳ. ಯಾರನ್ನ ಉಳಸ್ಲಿ, ಹೇಳು."

ಆಗಲೇ ತಲೆಯ ಮೇಲೆ ಗಂಟೆ ಹೊಡೆಯತೊಡಗಿತು.

ವಾಚು ನೋಡಿದೆ. ನಾಲ್ಕಕ್ಕೆ ಇನ್ನೂ ಒಂಬತ್ತು ನಿಮಿಷವಿತ್ತು. ಗೌನಿಗೆ ಅಷ್ಟು ಕಾಯುವ ತಾಳ್ಮೆ ಇರಲಿಲ್ಲ.